ನೀಲಿ ಮೈ, ಹಳದಿ ಚುಕ್ಕಿ: ಅಂಜುನಾ ಬಂಡೆಯ ಕಡಲಹುಳು ಯಾವುದು?

ಪ್ರಶ್ನೆ: ನಾವು ರಾಣೆಬೆನ್ನೂರು ಕಡೆಯವರು, ಈಗ ಗೋವಾದ ವಾಸ್ಕೋದಲ್ಲಿದ್ದೇವೆ. ಅಮಾವಾಸ್ಯೆಯ ಮರುದಿನ ಇಳಿತದ ಹೊತ್ತಿಗೆ ಮಕ್ಕಳ ಜೊತೆ ಅಂಜುನಾದ ಬಂಡೆಗಳ ಮೇಲೆ ಓಡಾಡುತ್ತಿದ್ದೆವು. ಬಂಡೆಗುಂಡಿಯ ನೀರಲ್ಲಿ ಒಂದೂವರೆ ಇಂಚಿನ ಹುಳು ಕಂಡಿತು. ಕಡು ನೀಲಿ ಮೈ, ತುಂಬಾ ಹಳದಿ ಚುಕ್ಕಿ, ತಲೆಯಲ್ಲಿ ಎರಡು ಕೆಂಪು ಕೋಡು, ಹಿಂದುಗಡೆ ಹೂವಿನಂಥದ್ದೇನೋ ಅರಳಿತ್ತು. ಫೋಟೋ ಹಾಕಿದರೆ ಮೊಬೈಲ್ ಆ್ಯಪ್ 'ಹಿಪ್ಸೆಲೊಡೋರಿಸ್ ಇನ್‌ಫುಕಾಟಾ' ಅಂದಿತು. ಇನ್ನೊಬ್ಬರು 'ಅಲ್ಲ, ಕಾಂಗಾ' ಅಂದರು. ಡೈವಿಂಗ್ ಮಾಡುವ ಸ್ನೇಹಿತರು 'ಎಲ್ಲಾ ಒಂದೇ, ನ್ಯೂಡಿಬ್ರಾಂಕ್ ಅಂದರೆ ಸಾಕು' ಅನ್ನುತ್ತಾರೆ. ಯಾರ ಮಾತು ಸರಿ? ಇದು ಯಾವ ಗುಂಪಿನ ಪ್ರಾಣಿ? ಆರನೇ ಫೋಟೋದಲ್ಲಿ ಅಂಚನ್ನು ಅಲೆಯಲೆಯಾಗಿ ಆಡಿಸುತ್ತಾ ಈಜುತ್ತಿದ್ದ ಇನ್ನೊಂದು ಹುಳು ಇದೆ, ಅದು ಇದರ ಮರಿಯಾ? ಮಗಳು ನೀಲಿ ಹುಳುವನ್ನು ಬೆರಳಲ್ಲಿ ಮುಟ್ಟಿದ್ದಾಳೆ, ತೊಂದರೆ ಇಲ್ಲ ತಾನೇ?

ಉತ್ತರ: ಮಗಳ ವಿಷಯ ಮೊದಲು. ಏನೂ ತೊಂದರೆ ಇಲ್ಲ, ಕೈ ತೊಳೆದುಕೊಂಡರೆ ಸಾಕು. ಈ ಹುಳುವಿಗೆ ಕಚ್ಚುವುದೂ ಗೊತ್ತಿಲ್ಲ, ಚುಚ್ಚುವುದೂ ಗೊತ್ತಿಲ್ಲ. ಅದರ ಮೈಯಲ್ಲಿ ವಿಷ ಇರುವುದು ನಿಜ, ಆದರೆ ಅದು ತಿನ್ನಲು ಬಂದವರಿಗೆ ಮಾತ್ರ. ಆ ಕಥೆಗೆ ಆಮೇಲೆ ಬರುತ್ತೇನೆ.

ಹೆಸರಿನ ವಿಷಯದಲ್ಲಿ ನನ್ನ ಮತ ಕಾಂಗಾ ಅಂದವರ ಕಡೆಗೆ. ಹಿಪ್ಸೆಲೊಡೋರಿಸ್ ಕಾಂಗಾ. ನೀವು ಕಳಿಸಿದ ಮೊದಲ ಎರಡು ಫೋಟೋ ಮಾತ್ರ ಇದ್ದಿದ್ದರೆ ನಾನು 'ಹಿಪ್ಸೆಲೊಡೋರಿಸ್' ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದೆ. ಮೂರನೆಯ ಫೋಟೋ ನಿಮ್ಮನ್ನು ಕಾಪಾಡಿದೆ. ಅದು ಸ್ವಲ್ಪ ಅಲುಗಿದೆ, ಬಣ್ಣವೂ ಮಂಕಾಗಿದೆ. ಅದನ್ನು ಕಳಿಸಬೇಕೋ ಬೇಡವೋ ಎಂದು ನೀವೇ ಅನುಮಾನ ಪಟ್ಟಿದ್ದೀರಿ. ಆದರೆ ಅದರಲ್ಲಿ ಹಿಂದುಗಡೆಯ 'ಹೂವು' ಪಕ್ಕದಿಂದ ಕಾಣುತ್ತದೆ. ನನಗೆ ಬೇಕಾಗಿದ್ದು ಅದೇ.

ಆ ಹೂವು ಅದರ ಕಿವಿರು. ನ್ಯೂಡಿಬ್ರಾಂಕ್ ಅಂದರೇನೇ ಬತ್ತಲೆ ಕಿವಿರಿನದು. ಮೀನಿನ ಹಾಗೆ ಮುಚ್ಚಳದ ಒಳಗೆ ಇಟ್ಟುಕೊಳ್ಳದೆ ಬೆನ್ನ ಮೇಲೇ ಬಿಚ್ಚಿಟ್ಟುಕೊಂಡಿರುತ್ತದೆ. ನಿಮ್ಮ ಹುಳುವಿನಲ್ಲಿ ಕಿವಿರುಗಳು ಬೆನ್ನಿನ ಹಿಂಭಾಗದಲ್ಲಿ ಒಂದು ಸುತ್ತಾಗಿ ನಿಂತಿವೆ, ನಟ್ಟನಡುವೆ ಗುದದ್ವಾರ. ಮಕ್ಕಳಿಗೆ ಇದನ್ನು ಹೇಳಿ, ನಕ್ಕು ಬೀಳುತ್ತಾರೆ, ಜೊತೆಗೆ ಎಂದೂ ಮರೆಯುವುದಿಲ್ಲ. ಹೀಗೆ ಸುತ್ತು ಕಿವಿರು ಇರುವ ಗುಂಪಿಗೆ ಡೋರಿಡ್ ಎನ್ನುತ್ತಾರೆ. ಇನ್ನೊಂದು ದೊಡ್ಡ ಗುಂಪು ಇಯೋಲಿಡ್. ಅವಕ್ಕೆ ಈ ಹೂವು ಇಲ್ಲ, ಬದಲಿಗೆ ಬೆನ್ನ ತುಂಬಾ ಬೆರಳಿನಂಥ ಮುಂಚಾಚುಗಳು ಇರುತ್ತವೆ. ಅಲ್ಲಿಗೆ ಅರ್ಧ ಜಗತ್ತನ್ನು ಬದಿಗಿಟ್ಟಂತಾಯಿತು.

ತಲೆಯ ಎರಡು ಕೋಡುಗಳ ಹೆಸರು ರೈನೋಫೋರ್. ಅವು ಕಣ್ಣಲ್ಲ, ಮೂಗು. ನೀರಿನಲ್ಲಿ ತೇಲಿ ಬರುವ ವಾಸನೆ ಹಿಡಿಯುವುದು ಅವುಗಳಿಂದಲೇ. ಫೋಟೋ ದೊಡ್ಡದು ಮಾಡಿ ನೋಡಿ, ಕೋಡಿನ ಮೇಲೆ ಹಾಳೆ ಹಾಳೆಯಾಗಿ ಮಡಿಕೆಗಳಿವೆ. ಸುತ್ತು ಕಿವಿರು, ಮಡಿಕೆಯ ಕೋಡು, ನುಣುಪಾದ ಬೆನ್ನು, ಕಣ್ಣು ಕುಕ್ಕುವ ಬಣ್ಣ. ಇಷ್ಟೂ ಸೇರಿದರೆ ಕ್ರೋಮೊಡೊರಿಡಿಡೇ ಕುಟುಂಬದ ಬಾಗಿಲಿಗೆ ಬಂದೆವು. ಒಳಗೆ ಹೋದರೆ ಹಲವು ಕುಲಗಳು. ಇಲ್ಲಿ ಮೈಕಟ್ಟು ನೋಡಬೇಕು. ಕ್ರೋಮೊಡೋರಿಸ್, ಗೋನಿಯೊಬ್ರಾಂಕಸ್ ಕುಲದವು ಚಪ್ಪಟೆ. ಬೆನ್ನಿನ ಹೊದಿಕೆ ಅಗಲವಾಗಿ ಸುತ್ತಲೂ ಹರಡಿರುತ್ತದೆ. ಹಿಪ್ಸೆಲೊಡೋರಿಸ್ ಎತ್ತರದ ಮೈಯದು. ಹೊದಿಕೆಯ ಅಂಚು ಕಿರಿದು, ಪಕ್ಕೆಗಳು ಎದ್ದು ಕಾಣುತ್ತವೆ, ಬಾಲ ಹಿಂದಕ್ಕೆ ಚಾಚಿರುತ್ತದೆ. ನಿಮ್ಮದು ನೂರಕ್ಕೆ ನೂರು ಎರಡನೇ ಬಗೆ.

ಈಗ ಕಾಂಗಾನೋ ಇನ್‌ಫುಕಾಟಾನೋ ಎಂಬ ಜಗಳ. ಎರಡಕ್ಕೂ ಹಳದಿ ಚುಕ್ಕಿ ಇದೆ, ಎರಡಕ್ಕೂ ನೀಲಿ ಛಾಯೆ ಇದೆ, ಎರಡರ ಕೋಡೂ ಕೆಂಪು. ಇನ್‌ಫುಕಾಟಾದ ಮೈ ಸಾಮಾನ್ಯವಾಗಿ ತಿಳಿ. ಮಬ್ಬು ಬಿಳಿ ಮೈಗೆ ಬೂದು ನೀಲಿ ಮಚ್ಚೆ ಬಳಿದಂತೆ ಇದ್ದು, ಅದರ ಮೇಲೆ ಹಳದಿ ಚುಕ್ಕಿಯ ಜೊತೆ ಕಪ್ಪು ನೀಲಿ ಚುಕ್ಕಿಗಳೂ ಇರುತ್ತವೆ. ಕಾಂಗಾ ಹೆಚ್ಚಾಗಿ ಕಡು ನೀಲಿ. ಆದರೆ ಇದೊಂದನ್ನೇ ನಂಬಿ ತೀರ್ಪು ಕೊಡಬೇಡಿ. ಕಡು ಬಣ್ಣದ ಇನ್‌ಫುಕಾಟಾಗಳೂ ಇವೆ. ನಂಬಬಹುದಾದ ಸಾಕ್ಷಿ ಕಿವಿರಿನಲ್ಲಿದೆ. ಕಾಂಗಾದ ಒಂದೊಂದು ಕಿವಿರೂ ಮೂರು ಅಂಚಿನದು, ಅಡ್ಡ ಕತ್ತರಿಸಿದರೆ ತ್ರಿಕೋನ. ಹೊರಗೆ ಮುಖ ಮಾಡಿದ ಮಗ್ಗುಲು ಚಪ್ಪಟೆಯಾಗಿದ್ದು, ಅದರ ಮೇಲೂ ಹಳದಿ ಚುಕ್ಕಿಗಳಿರುತ್ತವೆ, ಅಂಚಿಗೆ ಕೆಂಪು ಗೆರೆ ಓಡಿರುತ್ತದೆ. ಇನ್‌ಫುಕಾಟಾದ ಕಿವಿರಿಗೂ ಕೆಂಪು ಗೆರೆ ಇದೆ, ಹಳದಿ ಚುಕ್ಕಿ ಇಲ್ಲ. ನಿಮ್ಮ ಮೂರನೇ ಫೋಟೋದಲ್ಲಿ ಕನಿಷ್ಠ ಎರಡು ಕಿವಿರಿನ ಹೊರಮೈಯಲ್ಲಿ ಹಳದಿ ಚುಕ್ಕಿ ಸ್ಪಷ್ಟವಾಗಿದೆ. ಆ್ಯಪ್ ನೋಡಿದ್ದು ಮೇಲಿನಿಂದ ತೆಗೆದ ಮೊದಲ ಫೋಟೋ. ಅದರಲ್ಲಿ ಕಿವಿರಿನ ಹೊರಮೈ ಕಾಣುವುದೇ ಇಲ್ಲ. ಪಾಪ, ಆ್ಯಪ್ ತಾನೇ ಏನು ಮಾಡೀತು? ಹೆಚ್ಚು ಜನ ಹಾಕಿದ ಹೆಸರನ್ನೇ ಅದೂ ಹೇಳಿತು.

ಈ ಎರಡು ಹೆಸರಿನ ವಯಸ್ಸಿನಲ್ಲೂ ಅಂತರ ಇದೆ. ಇನ್‌ಫುಕಾಟಾವನ್ನು ಕೆಂಪು ಸಮುದ್ರದಿಂದ ರುಪೆಲ್ ಮತ್ತು ಲಾಯ್ಕಾರ್ಟ್ ಎಂಬ ಇಬ್ಬರು ಜರ್ಮನರು ವರ್ಣಿಸಿದ್ದು, 1830ರ ಲೆಕ್ಕ. ಕಾಂಗಾವನ್ನು ವಿಲಿಯಂ ರಡ್ಮನ್ ಪೂರ್ವ ಆಫ್ರಿಕಾದಿಂದ ಬೇರೆ ಪ್ರಭೇದ ಎಂದು ಗುರುತಿಸಿದ್ದು 1977ರಲ್ಲಿ. ನಡುವೆ ಒಂದೂವರೆ ಶತಮಾನ. ಅಷ್ಟೂ ಕಾಲ ನೀಲಿ ಹಳದಿಯ ಹುಳು ಕಂಡವರು ಸಿಕ್ಕಿದ ಹಳೇ ಹೆಸರನ್ನೇ ಅಂಟಿಸುತ್ತಿದ್ದರು. ಹಾಗಾಗಿ ಹಳೆಯ ಪಟ್ಟಿಯಲ್ಲಿ ಇನ್‌ಫುಕಾಟಾ ಎಂದಿದ್ದರೆ ಚಿತ್ರ ಇದೆಯೋ ಇಲ್ಲವೋ ನೋಡುತ್ತೇನೆ. ಚಿತ್ರ ಇಲ್ಲದಿದ್ದರೆ ಆ ದಾಖಲೆಯನ್ನು ಅರ್ಧ ಮಾತ್ರ ನಂಬುತ್ತೇನೆ.

ಬಣ್ಣ ಯಾಕೆ ಹೀಗೆ ಮೋಸ ಮಾಡುತ್ತದೆ? ಇಲ್ಲೇ ವಿಷದ ಕಥೆ ಬರುವುದು. ಈ ಕುಟುಂಬದವು ತಿನ್ನುವುದು ಸ್ಪಂಜು. ಹಿಪ್ಸೆಲೊಡೋರಿಸ್‌ಗಳಿಗೆ ಡೈಸಿಡಿಯಾ ಮತ್ತು ಅದರ ನೆಂಟರ ಸ್ಪಂಜುಗಳೆಂದರೆ ಇಷ್ಟ. ಸ್ಪಂಜಿಗೆ ಓಡಿಹೋಗಲು ಬರುವುದಿಲ್ಲ, ಅದಕ್ಕೇ ಮೈತುಂಬಾ ಕೆಟ್ಟ ರುಚಿಯ ರಾಸಾಯನಿಕ ತುಂಬಿಕೊಂಡಿರುತ್ತದೆ. ನಮ್ಮ ಹುಳು ಆ ಸ್ಪಂಜನ್ನು ಮೇಯ್ದು, ಆ ರಾಸಾಯನಿಕವನ್ನು ಹೊದಿಕೆಯ ಅಂಚಿನಲ್ಲಿರುವ ಗ್ರಂಥಿಗಳಲ್ಲಿ ಕೂಡಿಡುತ್ತದೆ. ಮೀನು ಮೊದಲು ಬಾಯಿ ಹಾಕುವುದು ಅಂಚಿಗೇ ಅಲ್ವಾ? ಒಮ್ಮೆ ಬಾಯಿ ಹಾಕಿದ ಮೀನು ಉಗುಳುತ್ತದೆ, ಆ ಬಣ್ಣವನ್ನು ನೆನಪಿಟ್ಟುಕೊಳ್ಳುತ್ತದೆ. ಬೇರೆ ಬೇರೆ ಪ್ರಭೇದದ ಹುಳುಗಳು ಒಂದೇ ಬಣ್ಣ ತೊಟ್ಟರೆ ಮೀನಿಗೆ ಒಂದೇ ಪಾಠ ಸಾಕು, ಎಲ್ಲರೂ ಬಚಾವ್. ಖಾಕಿ ಹಾಕಿದವರೆಲ್ಲ ಪೊಲೀಸರಲ್ಲ, ಕಂಡಕ್ಟರೂ ಹಾಕುತ್ತಾರೆ, ಆಟೋದವರೂ ಹಾಕುತ್ತಾರೆ. ಹಾಗೇ ಇದು. ಒಂದು ಸಮುದ್ರದ ಬೇರೆ ಬೇರೆ ಪ್ರಭೇದಗಳು ಒಂದೇ ಬಣ್ಣದ ಗುಂಪುಗಳಾಗಿರುವುದನ್ನು ಇದೇ ರಡ್ಮನ್ 1991ರಲ್ಲಿ ವಿವರವಾಗಿ ಬರೆದಿದ್ದಾರೆ.

ಉಲ್ಟಾ ಕೂಡ ನಡೆಯುತ್ತದೆ. ಒಂದೇ ಪ್ರಭೇದ ಎರಡು ಬಣ್ಣದಲ್ಲಿ ಇರಬಹುದು. 2018ರಲ್ಲಿ ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್‌ನ ಟೆರೆನ್ಸ್ ಗಾಸ್ಲಿನರ್ ಮತ್ತು ಸಂಗಡಿಗರು ಹಿಪ್ಸೆಲೊಡೋರಿಸ್ ಕುಲವನ್ನೇ ಡಿಎನ್ಎ ಹಿಡಿದು ಜಾಲಾಡಿದರು. 17 ಹೊಸ ಪ್ರಭೇದಗಳು ಹೊರಬಂದವು. ಅದರಲ್ಲಿ ಒಂದು ಹಿಪ್ಸೆಲೊಡೋರಿಸ್ ಇಬಾ. ಅದಕ್ಕೆ ಎರಡು ವೇಷ. ಒಂದು ವೇಷ ಬುಲ್ಲೊಕಿ ಎಂಬ ಬೇರೊಂದು ಪ್ರಭೇದದ ತದ್ರೂಪು. ಎದುರಿಗೆ ಇಟ್ಟರೂ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಆದ್ದರಿಂದ ಬರೀ ಬಣ್ಣ ನೋಡಿ ಖಡಾಖಂಡಿತವಾಗಿ ಹೆಸರು ಹೇಳುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನ ಜಾಸ್ತಿ. ಪಕ್ಕಾ ಮಾಡಬೇಕೆಂದರೆ ನಾಲಿಗೆಯ ಮೇಲಿನ ಹಲ್ಲಿನ ಪಟ್ಟಿ, ಅಂದರೆ ರಾಡ್ಯುಲಾ, ಅದರ ಹಲ್ಲುಗಳ ಆಕಾರ ನೋಡಬೇಕು, ಜನನಾಂಗದ ರಚನೆ ನೋಡಬೇಕು, ಡಿಎನ್ಎ ನೋಡಬೇಕು. ಅದಕ್ಕೆಲ್ಲ ಮಾದರಿ ಬೇಕು, ಅನುಮತಿ ಬೇಕು, ಪ್ರಯೋಗಾಲಯ ಬೇಕು. ಭಾನುವಾರದ ಓಡಾಟಕ್ಕೆ ಅದು ಬೇಡ. ಕಾಂಗಾದ ಮಟ್ಟಿಗೆ ಕಿವಿರಿನ ಗುರುತು ಅಷ್ಟು ವಿಶೇಷವಾದದ್ದು, ಫೋಟೋದಿಂದಲೇ ಹೇಳುವ ಧೈರ್ಯ ಮಾಡಬಹುದು.

ಇನ್ನು ವರ್ಗೀಕರಣ. ನಿಮ್ಮ ಸ್ನೇಹಿತರ 'ನ್ಯೂಡಿಬ್ರಾಂಕ್' ತಪ್ಪಲ್ಲ, ಊರು ಯಾವುದು ಎಂದರೆ 'ಕರ್ನಾಟಕ' ಅಂದ ಹಾಗಾಯಿತು ಅಷ್ಟೇ. ಮೇಲಿನಿಂದ ಬಂದರೆ ಇದು ಮೃದ್ವಂಗಿ, ಅದರಲ್ಲಿ ಬಸವನಹುಳುವಿನ ವರ್ಗ. ಚಿಪ್ಪಿಲ್ಲದ್ದು ಹೇಗೆ ಬಸವನಹುಳು ಅಂತ ಕೇಳಬಹುದು. ಮೊಟ್ಟೆಯಿಂದ ಹೊರಬರುವ ಮರಿಗೆ ಪುಟ್ಟ ಸುರುಳಿ ಚಿಪ್ಪು ಇರುತ್ತದೆ. ಅದು ನೀರಲ್ಲಿ ತೇಲುತ್ತಾ ಇದ್ದು, ಕೊನೆಗೆ ಸರಿಯಾದ ಜಾಗ ಸಿಕ್ಕಾಗ ತಳಕ್ಕಿಳಿದು ಚಿಪ್ಪನ್ನು ಕಳಚಿಬಿಡುತ್ತದೆ. ವಂಶದ ಗುರುತು ಬಾಲ್ಯದಲ್ಲಿ ಮಾತ್ರ ಉಳಿದಿದೆ. ಅಲ್ಲಿಂದ ಕೆಳಗೆ ಹೆಟೆರೊಬ್ರಾಂಕಿಯಾ, ಅದರೊಳಗೆ ನ್ಯೂಡಿಬ್ರಾಂಕಿಯಾ, ಅದರೊಳಗೆ ಡೋರಿಡ್ ಗುಂಪು, ಆಮೇಲೆ ಕ್ರೋಮೊಡೊರಿಡಿಡೇ ಕುಟುಂಬ, ಹಿಪ್ಸೆಲೊಡೋರಿಸ್ ಕುಲ.

ಹಳೆಯ ಪುಸ್ತಕ ತೆರೆದರೆ ಹೆಟೆರೊಬ್ರಾಂಕಿಯಾ ಇರುವ ಜಾಗದಲ್ಲಿ ಒಪಿಸ್ತೊಬ್ರಾಂಕಿಯಾ ಎಂಬ ಹೆಸರು ಕಾಣುತ್ತದೆ. ಗಾಬರಿ ಬೇಡ. ಕಡಲಹುಳುಗಳೆಲ್ಲ ಒಂದೇ ವಂಶ ಎಂದು ಭಾವಿಸಿದ್ದ ಕಾಲದ ಹೆಸರು ಅದು. ಅವುಗಳಲ್ಲಿ ಕೆಲವು ನೆಲದ ಬಸವನಹುಳುಗಳಿಗೇ ಹತ್ತಿರದ ನೆಂಟರು ಎಂದು ಡಿಎನ್ಎ ತೋರಿಸಿತು, 2010ರ ಆಸುಪಾಸಿನಲ್ಲಿ ಆ ಹೆಸರನ್ನು ಕೈಬಿಟ್ಟರು. ಹಾಗಾಗಿ ಕಡಲಹುಳು, ಅಂದರೆ ಸೀ ಸ್ಲಗ್ ಎನ್ನುವುದು ಒಂದು ವಂಶದ ಹೆಸರಲ್ಲ, ಚಿಪ್ಪು ಕಳೆದುಕೊಂಡ ಅಥವಾ ಕುಗ್ಗಿಸಿಕೊಂಡ ಬೇರೆ ಬೇರೆ ಮನೆತನಗಳಿಗೆ ಜನ ಕೊಟ್ಟ ಒಟ್ಟು ಹೆಸರು. ಅಂಜುನಾದ ಗುಂಡಿಗಳಲ್ಲಿ ಹಸಿರು ಪಾಚಿ ಮೇಯುವ ಎಲೈಸಿಯಾ ಕೂಡ ಸೀ ಸ್ಲಗ್ಗೇ, ನ್ಯೂಡಿಬ್ರಾಂಕ್ ಅಲ್ಲ. ಅದು ಪಾಚಿಯ ಹಸಿರು ಕಣಗಳನ್ನು ತನ್ನ ಮೈಯೊಳಗೆ ಜೀವಂತ ಇಟ್ಟುಕೊಳ್ಳುತ್ತದೆ. ಅದನ್ನು ಬರೆಯಲು ಕೂತರೆ ಇನ್ನೊಂದು ಉತ್ತರ ಬೇಕಾಗುತ್ತದೆ.

ಕುಟುಂಬದ ಒಳಗೂ ಹೆಸರುಗಳು ಓಡಾಡುತ್ತಲೇ ಇರುತ್ತವೆ. ಮುಂಬೈ ಹೆಸರು ಹೊತ್ತ ಒಂದು ಹುಳು ಇದೆ. 1946ರಲ್ಲಿ ವಿಂಕ್‌ವರ್ತ್ ಅದನ್ನು ಗ್ಲಾಸೊಡೋರಿಸ್ ಬಾಂಬಯಾನಾ ಎಂದು ವರ್ಣಿಸಿದರು. ಆಮೇಲೆ ಅದು ಕ್ರೋಮೊಡೋರಿಸ್ ಬಾಂಬಯಾನಾ ಆಯಿತು. 2012ರಲ್ಲಿ ರೆಬೆಕ್ಕಾ ಜಾನ್ಸನ್ ಮತ್ತು ಗಾಸ್ಲಿನರ್ ಡಿಎನ್ಎ ಆಧಾರದ ಮೇಲೆ ಇಡೀ ಕುಟುಂಬವನ್ನು ಮರುಜೋಡಿಸಿದರು. ಈಗ ಅದು ಗೋನಿಯೊಬ್ರಾಂಕಸ್ ಬಾಂಬಯಾನಸ್. ಹುಳು ಅದೇ, ಬಂಡೆ ಅದೇ, ಮೂರನೇ ಮನೆ. ನೀವು ಹೆಸರಿನ ಪಟ್ಟಿಗಳಲ್ಲಿ ಗಮನಿಸಿರಬಹುದು, ಹೆಸರಿಟ್ಟವರನ್ನು ಕೆಲವು ಕಡೆ ಆವರಣದೊಳಗೆ ಹಾಕಿರುತ್ತಾರೆ, ಕೆಲವು ಕಡೆ ಹಾಗೇ ಬರೆದಿರುತ್ತಾರೆ. ಆವರಣ ಇದ್ದರೆ ಆ ಪ್ರಭೇದ ಹುಟ್ಟಿದ ಕುಲ ಬೇರೆ, ಈಗಿರುವ ಕುಲ ಬೇರೆ ಎಂದರ್ಥ. 'ಹಿಪ್ಸೆಲೊಡೋರಿಸ್ ಕಾಂಗಾ ರಡ್ಮನ್, 1977' ಎಂಬಲ್ಲಿ ಆವರಣ ಇಲ್ಲ, ಅದು ಹುಟ್ಟಿದ ಮನೆಯಲ್ಲೇ ಇದೆ. 'ಹಿಪ್ಸೆಲೊಡೋರಿಸ್ ಇನ್‌ಫುಕಾಟಾ (ರುಪೆಲ್ ಮತ್ತು ಲಾಯ್ಕಾರ್ಟ್, 1830)' ಎಂಬಲ್ಲಿ ಇದೆ, ಅದು ಮೊದಲು ಡೋರಿಸ್ ಕುಲದಲ್ಲಿತ್ತು.

ನೀವು ಧಾರವಾಡ ಸೀಮೆಯ ಕಡೆಯವರಾದ್ದರಿಂದ ಇದೊಂದು ಹೇಳಲೇಬೇಕು. 1824ರಲ್ಲಿ ಕಿತ್ತೂರಿನಲ್ಲಿ ಥ್ಯಾಕರೆ ಸತ್ತಾಗ ಚೆನ್ನಮ್ಮನ ಸೈನ್ಯಕ್ಕೆ ಸೆರೆಸಿಕ್ಕ ಇಬ್ಬರು ಬ್ರಿಟಿಷ್ ಅಧಿಕಾರಿಗಳಲ್ಲಿ ಒಬ್ಬರು ವಾಲ್ಟರ್ ಎಲಿಯಟ್. ಬಿಡುಗಡೆಯಾದ ಮೇಲೆ ನಮ್ಮ ಕಡೆಯ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ನಕಲು ಮಾಡಿಸಿದವರು ಅವರೇ. ಶಾಸನದವರಿಗೆ ಅವರು ಗೊತ್ತು. ಅವರು ಮುಂದೆ ವಿಶಾಖಪಟ್ಟಣದ ಕಡೆ ಅಧಿಕಾರಿಯಾಗಿ ಹೋದಾಗ ಅಲ್ಲಿನ ಕಡಲಹುಳುಗಳನ್ನು ಕೂಡಿಸಿ, ಚಿತ್ರ ಬರೆಸಿ ಇಟ್ಟರು. ಆಲ್ಡರ್ ಮತ್ತು ಹ್ಯಾಂಕಾಕ್ ಎಂಬ ಇಂಗ್ಲೆಂಡಿನ ಇಬ್ಬರು ಅದನ್ನು ಅಭ್ಯಾಸ ಮಾಡಿ 1864ರಲ್ಲಿ ಪ್ರಕಟಿಸಿದರು. ಕಳಿಂಗಾ ಆರ್ನಾಟಾ ಎಂಬ ಸೊಗಸಾದ ಹುಳುವಿಗೆ ಹೆಸರು ಬಂದದ್ದು ಅಲ್ಲಿಂದ. ಭಾರತದ ನ್ಯೂಡಿಬ್ರಾಂಕ್ ಅಧ್ಯಯನಕ್ಕೆ ಆ ಲೇಖನ ಇಂದಿಗೂ ಬೇಕು. ಚಿತ್ರ ಬರೆಸಿದ್ದು ಎಷ್ಟು ಒಳ್ಳೆಯದಾಯಿತೆಂದರೆ, ಸ್ಪಿರಿಟ್ಟಿನಲ್ಲಿ ಅದ್ದಿಟ್ಟ ಹುಳು ಕೆಲವೇ ದಿನಗಳಲ್ಲಿ ಬಣ್ಣ ಕಳೆದುಕೊಂಡು ಬೂದು ಮುದ್ದೆ ಆಗುತ್ತದೆ.

ಆರನೇ ಫೋಟೋಗೆ ಬರೋಣ. ಅದು ಮರಿಯಲ್ಲ, ಬಸವನಹುಳುವಿನ ವಂಶವೇ ಅಲ್ಲ. ಅದು ಚಪ್ಪಟೆಹುಳು. ಕಾಗದದಷ್ಟು ತೆಳ್ಳಗಿದೆ, ಕಿವಿರಿನ ಹೂವು ಇಲ್ಲ, ಮಡಿಕೆಯ ಕೋಡಿಲ್ಲ. ಮುಂದೆ ಕೋಡಿನಂತೆ ಕಾಣುವುದು ಮೈಯ ಅಂಚೇ ಮಡಚಿಕೊಂಡದ್ದು. ಅಂಚನ್ನು ಅಲೆಯಲೆಯಾಗಿ ಆಡಿಸುತ್ತಾ ಈಜುತ್ತಿತ್ತು ಎಂದಿದ್ದೀರಲ್ಲ, ಅದು ಇವುಗಳ ನಡೆ. ಬಣ್ಣ ಮಾತ್ರ ಕಡಲಹುಳುವಿಗೆ ಸರಿಸಮ. ಖಾಕಿ ಇವರಿಗೂ ಸಿಕ್ಕಿದೆ! ಯಾವ ಪ್ರಭೇದ ಎಂದು ಆ ಒಂದು ಫೋಟೋದಿಂದ ಹೇಳುವುದು ಆಗದ ಕೆಲಸ.

ಮುಟ್ಟುವ ವಿಷಯದಲ್ಲಿ ಒಂದು ಎಚ್ಚರಿಕೆ ಬಾಕಿ ಇದೆ. ಮಳೆಗಾಲದಲ್ಲಿ ಗೋವಾ, ಮುಂಬೈ ಮರಳಿನ ಮೇಲೆ ಬ್ಲೂಬಾಟಲ್‌ಗಳು, ಅಂದರೆ ನೀಲಿ ಬುಗ್ಗೆಯಂತೆ ಕಾಣುವ, ಚುಚ್ಚುವ ಜೆಲ್ಲಿಮೀನಿನಂಥ ಪ್ರಾಣಿಗಳು ಬಂದು ಬೀಳುತ್ತವೆ. ಅವನ್ನು ತಿಂದು ಬದುಕುವ ಗ್ಲಾಕಸ್ ಎಂಬ ನೀಲಿ ನ್ಯೂಡಿಬ್ರಾಂಕ್ ಇದೆ, ಅದು ಬಂಡೆಯ ಮೇಲೆ ಹರಿದಾಡುವುದಿಲ್ಲ, ತೆರೆದ ಸಮುದ್ರದಲ್ಲಿ ತೇಲುತ್ತದೆ. ಬ್ಲೂಬಾಟಲ್‌ನ ಚುಚ್ಚುವ ಕಣಗಳನ್ನು ತಿಂದು, ಕರಗಿಸದೆ ತನ್ನ ಬೆರಳುಗಳ ತುದಿಯಲ್ಲಿ ಇಟ್ಟುಕೊಳ್ಳುತ್ತದೆ. ಅದನ್ನು ಮುಟ್ಟಿದರೆ ಚೆನ್ನಾಗಿಯೇ ಉರಿಯುತ್ತದೆ. ಮರಳಿನ ಮೇಲೆ ಬಿದ್ದ ನೀಲಿ ಏನೇ ಇರಲಿ, ಕೈ ಹಾಕಬೇಡಿ ಎಂದು ಮಗಳಿಗೆ ಹೇಳಿಡಿ. ಬಂಡೆಗುಂಡಿಯ ಹುಳುವನ್ನೂ ಮುಟ್ಟದಿದ್ದರೆ ಒಳ್ಳೆಯದು, ಇಲ್ಲಿ ಕಾರಣ ಹುಳುವಿನ ಕ್ಷೇಮ. ಮುಟ್ಟಿದ ತಕ್ಷಣ ಕಿವಿರನ್ನು ಒಳಗೆ ಎಳೆದುಕೊಳ್ಳುತ್ತದೆ. ನಿಮಗೆ ಬೇಕಾದ ಗುರುತೇ ಮಾಯ.

ಇದೇ ಕಾರಣಕ್ಕೆ ಫೋಟೋವನ್ನು ನೀರೊಳಗೇ ತೆಗೆಯಬೇಕು. ಹೊರಗೆ ಎತ್ತಿ ಅಂಗೈ ಮೇಲೆ ಇಟ್ಟರೆ ಕಿವಿರು ಮುದುಡಿ ಅಂಟಿಕೊಳ್ಳುತ್ತದೆ, ಯಾರಿಂದಲೂ ಏನೂ ಹೇಳಲಾಗುವುದಿಲ್ಲ. ಮೇಲಿನಿಂದ ಒಂದು, ಪಕ್ಕದಿಂದ ಒಂದು, ಕೋಡಿನದು ಹತ್ತಿರದಿಂದ, ಕಿವಿರಿನದು ಹೊರಮೈ ಕಾಣುವಂತೆ. ಬಿಸಿಲು ನೀರಿನ ಮೇಲೆ ಹೊಳೆಯುತ್ತಿದ್ದರೆ ಯಾರಾದರೂ ನೆರಳು ಮಾಡಲಿ, ಫ್ಲ್ಯಾಶ್ ಬೇಡ. ಹುಳು ಕೂತಿರುವ ಸ್ಪಂಜು ಫೋಟೋದಲ್ಲಿ ಬಂದರೆ ನನಗೆ ಹುಳುವಿನಷ್ಟೇ ಖುಷಿ. ಏನನ್ನು ತಿನ್ನುತ್ತಿದೆ ಎನ್ನುವುದು ಕುಲ ಗುರುತಿಸಲು ಎಷ್ಟೋ ಸಲ ಬಣ್ಣಕ್ಕಿಂತ ಒಳ್ಳೆಯ ಸುಳಿವು. ಹತ್ತಿರದಲ್ಲಿ ರಿಬ್ಬನ್ ಸುತ್ತಿದಂತೆ ಮೊಟ್ಟೆಯ ಸುರುಳಿ ಕಂಡರೆ ಅದನ್ನೂ ತೆಗೆಯಿರಿ. ಇವು ಒಂದೊಂದೂ ಗಂಡೂ ಹೌದು ಹೆಣ್ಣೂ ಹೌದು, ಕೂಡಿದ ಮೇಲೆ ಎರಡೂ ಮೊಟ್ಟೆ ಇಡುತ್ತವೆ. ಕಲ್ಲು ಮಗುಚಿ ನೋಡಿದರೆ ಹೇಗಿತ್ತೋ ಹಾಗೇ ಇಟ್ಟು ಬನ್ನಿ. ಅಡಿಯಲ್ಲಿ ಅಂಟಿದ ಸ್ಪಂಜು ಬಿಸಿಲಿಗೆ ಸತ್ತರೆ ಹುಳುವಿಗೆ ಊಟ ಇಲ್ಲ. ಬಾಟಲಿಯಲ್ಲಿ ಮನೆಗೆ ತರುವುದಂತೂ ಬೇಡವೇ ಬೇಡ. ಆ ಸ್ಪಂಜು ವಾಸ್ಕೋದ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಮತ್ತೆ ಹೋಗುವುದಾದರೆ ಮಳೆ ನಿಂತು ನೀರು ತಿಳಿಯಾದ ತಿಂಗಳುಗಳೇ ಸರಿ. ನೀವು ಅಮಾವಾಸ್ಯೆ ಹಿಡಿದು ಹೋಗಿದ್ದು ಸರಿಯಾದ ಲೆಕ್ಕ, ಹುಣ್ಣಿಮೆಯೂ ಆಗುತ್ತದೆ. ಗೋವಾದಲ್ಲಿ ದೊಡ್ಡ ಉಬ್ಬರ ಇಳಿತದ ದಿನವೂ ನೀರು ಏರಿಳಿಯುವುದು ಸುಮಾರು ಎರಡು ಮೀಟರ್ ಮಾತ್ರ. ಮುಂಬೈಯಲ್ಲಿ ಅದು ನಾಲ್ಕೈದು ಮೀಟರ್, ಬಂಡೆಗಳು ದೂರದವರೆಗೆ ಬರಿದಾಗುತ್ತವೆ, ಹುಡುಕಲು ಜಾಗ ಮತ್ತು ಹೊತ್ತು ಎರಡೂ ಜಾಸ್ತಿ. ನಿಮಗೆ ಅಂಜುನಾದಲ್ಲಿ ಸಿಗುವುದು ಸಣ್ಣ ಅವಧಿ. ಇಳಿತ ಮುಗಿಯುವ ಒಂದು ಗಂಟೆ ಮೊದಲೇ ಬಂಡೆ ಮೇಲಿರಿ, ನೀರು ತಿರುಗಿದ ಕೂಡಲೇ ಮಕ್ಕಳನ್ನು ಕರೆದುಕೊಂಡು ಮೇಲೆ ಬನ್ನಿ.

ಆ್ಯಪ್‌ನಲ್ಲಿ ಹೆಸರನ್ನು ಹಿಪ್ಸೆಲೊಡೋರಿಸ್ ಕಾಂಗಾ ಎಂದು ಬದಲಿಸಿ, ಮೂರನೇ ಫೋಟೋವನ್ನು ಮೊದಲಿಗೆ ತನ್ನಿ. ಕೆಳಗೆ 'ಕಿವಿರಿನ ಹೊರಮೈಯಲ್ಲಿ ಹಳದಿ ಚುಕ್ಕಿ' ಎಂದು ಒಂದು ಸಾಲು ಬರೆಯಿರಿ, ಯಾಕೆ ಬದಲಿಸಿದಿರಿ ಎಂದು ಮುಂದೆ ನೋಡುವವರಿಗೆ ತಿಳಿಯುತ್ತದೆ. ಚಪ್ಪಟೆಹುಳುವನ್ನು ಬೇರೆಯದಾಗಿ ಹಾಕಿ. ಅದಕ್ಕೆ ಸದ್ಯ 'ಚಪ್ಪಟೆಹುಳು' ಎಂಬಷ್ಟೇ ಹೆಸರು ಇರಲಿ.